ಪಳ್ಳಕ್ಕೆ ಯಾವ ಸರ್ವೆ ನಂಬರು?

(ಫೆಬ್ರವರಿ 2ರಂದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ವಾಚನಾಲಯದಲ್ಲಿ ಆಡಿದ ಮಾತುಗಳು. ಬರೆಯುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ, ಅಂದು ಮರೆತ ಒಂದೆರಡು ವಿಷಯ ಸೇರಿಸಿದ್ದೇನೆ.)

ಹಿಂದೆ ನಿಂತವರು ಮುಂದೆ ಬಂದು ಕುಳಿತುಕೊಳ್ಳಿ. ಮೂವತ್ತು ವರ್ಷ ಪಾಠ ಹೇಳಿದವನು ನಾನು. ಬಾಗಿಲ ಬಳಿ ಯಾರಾದರೂ ನಿಂತಿದ್ದರೆ ಗಂಟೆ ಹೊಡೆಯುವುದನ್ನೇ ಕಾಯುತ್ತಿದ್ದಾರೆ ಎಂದು ಅನುಮಾನ ಬರುತ್ತದೆ.

ಆಮಂತ್ರಣದಲ್ಲಿ ನನ್ನ ವಿಷಯವನ್ನು 'ಜೌಗು ಪ್ರದೇಶಗಳ ರಕ್ಷಣೆಗೆ ಅಂತಾರಾಷ್ಟ್ರೀಯ ಪ್ರಯತ್ನಗಳು' ಎಂದು ಅಚ್ಚು ಹಾಕಿಸಿದ್ದಾರೆ. ಅದನ್ನು ಓದಿ ಮನೆಯಲ್ಲಿ ಮೊದಲ ಪ್ರಶ್ನೆ ಬಂತು: "ಜೌಗು ಎಂದರೆ ಕೆಸರು, ಸೊಳ್ಳೆ. ಅದನ್ನು ಯಾರು ಯಾಕೆ ಕಾಪಾಡುವುದು?" ಪ್ರಶ್ನೆಯಲ್ಲಿ ತಪ್ಪಿಲ್ಲ, ತೊಂದರೆ ಇರುವುದು ಪದದಲ್ಲಿ. ಕಾಗದ ಪತ್ರಗಳ ಭಾಷೆಗೆ ಒಂದು ಪದ ಬೇಕಿತ್ತು, 'ಜೌಗು' ಸಿಕ್ಕಿತು. ನಮ್ಮೂರಿನವರ ಬಾಯಲ್ಲಾದರೋ ಅದಕ್ಕೆ ಹತ್ತು ಹೆಸರಿವೆ. ಭತ್ತದ ಗದ್ದೆಗಳ ಬಯಲು, ಹರಿಯುವ ತೋಡು, ನೀರು ಕಟ್ಟಿ ನಿಲ್ಲಿಸಿದ ಮದಕ, ಮಳೆಗಾಲದಲ್ಲಷ್ಟೇ ನೀರು ನಿಲ್ಲುವ ಪಳ್ಳ, ಅಳಿವೆ, ಕೆರೆ, ಕಟ್ಟ. ಇಲ್ಲಿಂದ ಅನತಿ ದೂರದಲ್ಲಿ ಪಳ್ಳತ್ತಡ್ಕ ಇದೆ, ನೀರ್ಚಾಲು ಇದೆ. ಊರಿನ ಹೆಸರಲ್ಲೇ ನೀರು ಇರಿಸಿಕೊಂಡವರು ನಾವು. ಆ ನೀರು ಕಂದಾಯದ ಕಾಗದದಲ್ಲಿ ಎಲ್ಲಿ ಹೋಗುತ್ತದೆ ಎಂಬುದೇ ಇಂದಿನ ನನ್ನ ಮಾತು. ಅಂತಾರಾಷ್ಟ್ರೀಯವೂ ನಡುವೆ ಬರುತ್ತದೆ, ಹೆದರಬೇಡಿ.

ಇರಾನಿನ ಉತ್ತರದಲ್ಲಿ, ಕ್ಯಾಸ್ಪಿಯನ್ ಸಮುದ್ರದ ದಂಡೆಯಲ್ಲಿ ರಾಮ್ಸಾರ್ ಎಂಬ ಊರಿದೆ. 1971ರ ಫೆಬ್ರವರಿ 2ರಂದು ಅಲ್ಲಿ 18 ದೇಶಗಳ ಪ್ರತಿನಿಧಿಗಳು ಸೇರಿ ಜೌಗು ನೆಲಗಳನ್ನು ಕಾಪಾಡುವ ಒಂದು ಒಪ್ಪಂದದ ಪಠ್ಯವನ್ನು ಒಪ್ಪಿಕೊಂಡರು. ಇವತ್ತು ನಾವು ಇಲ್ಲಿ ಸೇರಿರುವುದು ಆ ತಾರೀಕಿನ ನೆನಪಿಗಾಗಿ. ಅದರ ಬೀಜ ಬಿದ್ದದ್ದು ಇನ್ನೂ ಹಿಂದೆ. 1962ರಲ್ಲಿ ಫ್ರಾನ್ಸಿನ ದಕ್ಷಿಣದ ಕಮಾರ್ಗ್ ಎಂಬ ನದೀಮುಖದ ಸೀಮೆಯಲ್ಲಿ ಹಕ್ಕಿಶಾಸ್ತ್ರದವರು ಒಂದು ಸಮ್ಮೇಳನ ಕರೆದರು. ಯುರೋಪಿನಲ್ಲಿ ಜವುಳು ನೆಲ ಬತ್ತಿಸಿ ಹೊಲ ಮಾಡುವುದೇ ಪುರುಷಾರ್ಥ ಎನ್ನುವ ಕಾಲ ಅದು. ಚಳಿಗಾಲದಲ್ಲಿ ಬರುವ ಬಾತು, ಕೊಕ್ಕರೆಗಳ ಸಂಖ್ಯೆ ಕುಸಿಯುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಒಂದು ದೇಶ ತನ್ನ ಕೊಳವನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡರೂ ಪಕ್ಕದ ದೇಶ ತನ್ನದನ್ನು ಬತ್ತಿಸಿದರೆ ಹಕ್ಕಿ ನಡುದಾರಿಯಲ್ಲಿ ಎಲ್ಲಿ ಇಳಿಯಬೇಕು? ಹಕ್ಕಿಗೆ ಪಾಸ್‌ಪೋರ್ಟ್ ಇಲ್ಲ. ಈ ಸರಳ ಯೋಚನೆಯಿಂದ ಹುಟ್ಟಿದ ಒಪ್ಪಂದ ಅದು. ಅದಕ್ಕೇ ಒಪ್ಪಂದದ ಪೂರ್ತಿ ಹೆಸರಿನಲ್ಲಿ ಇಂದಿಗೂ ನೀರುಹಕ್ಕಿಗಳ ಪ್ರಸ್ತಾಪವಿದೆ.

1975ರ ಡಿಸೆಂಬರಿನಲ್ಲಿ ಅದು ಜಾರಿಗೆ ಬಂತು. ಭಾರತ ಸೇರಿದ್ದು 1982ರಲ್ಲಿ. ಈಗ 170ಕ್ಕೂ ಹೆಚ್ಚು ದೇಶಗಳಿವೆ, ಅಂತಾರಾಷ್ಟ್ರೀಯ ಮಹತ್ವದ ಜೌಗು ನೆಲಗಳೆಂದು ಅದು ಇಟ್ಟುಕೊಂಡ ಪಟ್ಟಿಯಲ್ಲಿ 2,500ಕ್ಕೂ ಹೆಚ್ಚು ತಾಣಗಳಿವೆ. ನಮ್ಮ ದೇಶದ ಮೊದಲ ಎರಡು ತಾಣಗಳು ಒಡಿಶಾದ ಚಿಲಿಕಾ ಮತ್ತು ರಾಜಸ್ಥಾನದ ಕೇವಲಾದೇವ್. ಕೇರಳದ ಮೂರು, ಅಂದರೆ ಅಷ್ಟಮುಡಿ, ಶಾಸ್ತಾಂಕೋಟ ಮತ್ತು ವೇಂಬನಾಡು, 2002ರಲ್ಲಿ ಸೇರಿದವು. ಕರ್ನಾಟಕದ ರಂಗನತಿಟ್ಟು 2022ರಲ್ಲಿ, ಅಘನಾಶಿನಿ ಅಳಿವೆ, ಮಾಗಡಿ ಕೆರೆ ಮತ್ತು ಅಂಕಸಮುದ್ರ 2024ರಲ್ಲಿ. ಕಾಸರಗೋಡಿನದು ಒಂದೂ ಇಲ್ಲ. ಹನ್ನೆರಡು ನದಿಗಳ ಜಿಲ್ಲೆ ಎಂದು ಹೇಳಿಕೊಳ್ಳುವ ನಮಗೆ ಇದರಿಂದ ಸ್ವಲ್ಪ ಬೇಸರವಾಗಬಹುದು. ನನಗೆ ಹಾಗೇನೂ ಆಗಿಲ್ಲ, ಕಾರಣ ಮುಂದೆ ಹೇಳುತ್ತೇನೆ.

ಒಪ್ಪಂದದ ಮೊದಲ ವಿಧಿಯನ್ನು ನಿಮಗೆ ಕನ್ನಡದಲ್ಲಿ ಹೇಳುತ್ತೇನೆ, ಶಾಲೆಯ ಮಕ್ಕಳು ಬರೆದುಕೊಳ್ಳಿ. ಜೌಗು, ಕೆಸರುನೆಲ ಅಥವಾ ನೀರು ಇರುವ ಜಾಗ; ಅದು ತಾನಾಗಿ ಆದದ್ದಾಗಲಿ, ಮನುಷ್ಯ ಮಾಡಿದ್ದಾಗಲಿ; ಶಾಶ್ವತವಾಗಿರಲಿ, ತಾತ್ಕಾಲಿಕವಾಗಿರಲಿ; ನಿಂತ ನೀರಾಗಲಿ, ಹರಿಯುವುದಾಗಲಿ; ಸಿಹಿ, ಸವಳು, ಉಪ್ಪು ಯಾವುದೇ ಆಗಲಿ; ಸಮುದ್ರವಾದರೆ ಇಳಿತದ ಹೊತ್ತಿಗೆ ಆರು ಮೀಟರಿಗಿಂತ ಆಳವಿಲ್ಲದ ಭಾಗ. ವಕೀಲರ ಭಾಷೆ, ನಿಜ. ಆದರೆ ಬರೆದವರ ಮನಸ್ಸು ದೊಡ್ಡದು. ಬಯಲು, ತೋಡು, ಅಳಿವೆ, ನಮ್ಮದೆಲ್ಲ ಈ ಚೀಲದೊಳಗೆ ಹಿಡಿಸುತ್ತದೆ. ಇದರಲ್ಲಿ ಒಂದು ಪದಕ್ಕೆ ಗೆರೆ ಎಳೆಯಿರಿ: ತಾತ್ಕಾಲಿಕ.

ಈಗ ಪಳ್ಳಕ್ಕೆ ಬರೋಣ. ನಮ್ಮ ಮನೆಯ ಹಿಂದಿನ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಸಮತಟ್ಟಿನಲ್ಲಿ, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಹಾಸಿನ ಮೇಲೆ, ಒಂದು ಪಳ್ಳವಿತ್ತು. ಗಾತ್ರ ಹೆಚ್ಚೆಂದರೆ ಎರಡು ವಾಲಿಬಾಲ್ ಅಂಗಳದಷ್ಟು. ಮೇ ತಿಂಗಳಲ್ಲಿ ಬರಿಗಾಲಿಟ್ಟರೆ ಅಂಗಾಲು ಸುಡುವ ಕರಿಬಂಡೆ. ಜೂನಿನಲ್ಲಿ ಮಳೆ ಹಿಡಿದು ಒಂದು ವಾರವಾಗುವಷ್ಟರಲ್ಲಿ ಮೊಣಕಾಲುದ್ದ ನೀರು. ರಾತ್ರಿ ಕಪ್ಪೆಗಳ ಗದ್ದಲಕ್ಕೆ ಮನೆಯಲ್ಲಿ ಮಾತು ಕೇಳುತ್ತಿರಲಿಲ್ಲ. ನಾವು ಹುಡುಗರು ಎಮ್ಮೆ ಮೀಯಿಸಲು ಹೋಗಿ ಎಮ್ಮೆಗಿಂತ ಹೆಚ್ಚು ಹೊತ್ತು ನೀರಲ್ಲಿ ಇರುತ್ತಿದ್ದೆವು. ಓಣಂ ಹೊತ್ತಿಗೆ ಅಂಚಿನ ತೇವದಲ್ಲಿ ನೀಲಿ ಹೂವು ಹಾಸಿದಂತೆ ಅರಳುತ್ತಿತ್ತು. ಮಲಯಾಳದವರು ಕಾಕ್ಕಪ್ಪೂ ಎನ್ನುತ್ತಾರೆ, ಪೂಕ್ಕಳ ಎಂಬ ಹೂವಿನ ರಂಗೋಲಿಗೆ ಕಿತ್ತು ಒಯ್ಯುತ್ತಾರೆ. ನೋಡಲು ಬಹಳ ಸಾಧು. ಅದು ಕೀಟಾಹಾರಿ ಗಿಡ ಎಂದು ನನಗೆ ಗೊತ್ತಾದದ್ದು ಬಿ.ಎಸ್ಸಿ. ಓದುವಾಗ. ಕೆಸರಿನೊಳಗೆ ಸಾಸಿವೆಗಿಂತ ಸಣ್ಣ ಚೀಲಗಳಿರುತ್ತವೆ, ಹತ್ತಿರ ಸುಳಿದ ಸೂಕ್ಷ್ಮಜೀವಿಯನ್ನು ಚಕ್ಕನೆ ಒಳಗೆ ಸೆಳೆದುಕೊಳ್ಳುತ್ತವೆ. ಮುರಕಲ್ಲಿನ ಮೇಲೆ ಸಾರವಿರುವ ಮಣ್ಣೆಲ್ಲಿ? ಬದುಕಬೇಕಾದರೆ ಬೇಟೆಯೇ ಗತಿ.

ಡಿಸೆಂಬರಿಗೆ ನೀರು ಆರಿ ಕೆಸರು ಬಿರುಕು ಬಿಡುತ್ತಿತ್ತು. ಏಪ್ರಿಲಿನಲ್ಲಿ ಅದು ನಮ್ಮ ಕ್ರಿಕೆಟ್ ಮೈದಾನ.

ನೀರು ಆರಿತು ಎಂದೆ. ಪೂರ್ತಿ ಆರಿ ಹೋಗುತ್ತಿರಲಿಲ್ಲ. ಮುರಕಲ್ಲು ಜೇನುಗೂಡಿನ ಹಾಗೆ ತೂತು ತೂತು; ಮೇಲೆ ನಿಂತ ನೀರು ಸ್ವಲ್ಪ ಸ್ವಲ್ಪವೇ ಕೆಳಗಿಳಿದು ಜೇಡಿಯ ಪದರದ ಮೇಲೆ ನಿಲ್ಲುತ್ತದೆ. ಗುಡ್ಡದ ಬುಡದಲ್ಲಿ ಅಡ್ಡಕ್ಕೆ ಕೊರೆದ ನಮ್ಮ ಸುರಂಗಗಳು ಕುಡಿಯುವುದು ಆ ನೀರನ್ನೇ. ನನ್ನ ಅಜ್ಜಿಗೆ ಭೂಗರ್ಭಶಾಸ್ತ್ರ ಗೊತ್ತಿರಲಿಲ್ಲ. ಪಳ್ಳ ತುಂಬಲು ತಡವಾದ ವರ್ಷ ಮಾತ್ರ ಸುರಂಗದ ದಂಬೆಯಿಂದ ಬೀಳುವ ನೀರಿನ ಸದ್ದು ಕೇಳಿ "ಈ ಸಲ ಬೇಸಗೆಗೆ ಸಾಲದು" ಎನ್ನುತ್ತಿದ್ದರು.

ಇನ್ನೊಂದು ಸಂಗತಿ. ಮಳೆ ಮುಗಿಯುವ ಕಾಲದಲ್ಲಿ ಹಿಂಡು ಹಿಂಡಾಗಿ ಹಾರುವ ಹೊಂಬಣ್ಣದ ಏರೋಪ್ಲೇನ್ ಚಿಟ್ಟೆ ನೋಡಿದ್ದೀರಲ್ಲ, ಮಲಯಾಳದಲ್ಲಿ ಅದಕ್ಕೆ ತುಲಾತುಂಬಿ ಎಂದು ಹೆಸರು. ಅದು ಮೊಟ್ಟೆ ಇಡುವುದು ಇಂಥ ಮಳೆನೀರಿನ ಗುಂಡಿಗಳಲ್ಲಿ. ಮೀನು ಇಲ್ಲದ ನೀರು, ಮರಿಗಳನ್ನು ತಿನ್ನುವವರು ಕಡಿಮೆ. ನೀರು ಆರುವುದರೊಳಗೆ ಬೆಳೆದು ರೆಕ್ಕೆ ಬಂದ ಈ ಕೀಟ ಮಾಲ್ದೀವ್ಸ್ ಮಾರ್ಗವಾಗಿ ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಾ ಮುಟ್ಟುತ್ತದೆ ಎಂದು 2009ರಲ್ಲಿ ಮಾಲ್ದೀವ್ಸ್‌ನಲ್ಲಿದ್ದ ಒಬ್ಬ ಜೀವವಿಜ್ಞಾನಿ ವಾದಿಸಿದರು. ಆಮೇಲಿನ ಅಧ್ಯಯನಗಳೂ ಅದನ್ನು ಬಲಪಡಿಸಿವೆ. ಅಂತಾರಾಷ್ಟ್ರೀಯ ಎಂದರೆ ಜಿನೀವಾದಲ್ಲಿ ಕೋಟು ಹಾಕಿಕೊಂಡವರು ಮಾಡುವಂಥದ್ದು ಎಂದುಕೊಂಡಿದ್ದ ನನಗೆ ಇದನ್ನು ಓದಿದ ದಿನ ನಗು ಬಂತು. ನಾವು ಸ್ಟಂಪ್ ನೆಟ್ಟ ಜಾಗವೇ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವಾಗಿತ್ತಲ್ಲ!

ಈಗ ನನ್ನ ಸೋಲಿನ ಕಥೆ. ಕೆಲವು ವರ್ಷಗಳ ಹಿಂದೆ ಆ ಪದವಿನಲ್ಲಿ ಕಲ್ಲಿನ ಕೋರೆಗೆ ಅರ್ಜಿ ಬಿತ್ತು. ನಾವು ನಾಲ್ಕು ಮನೆಯವರು ತಕರಾರು ಕೊಟ್ಟೆವು. ಸ್ಥಳ ನೋಡಲು ಒಬ್ಬ ಅಧಿಕಾರಿ ಬಂದರು, ಒಳ್ಳೆಯ ಮನುಷ್ಯರೇ. ಬಂದದ್ದು ಏಪ್ರಿಲಿನಲ್ಲಿ. ಕರಿಬಂಡೆಯ ಮೇಲೆ ಕರವಸ್ತ್ರ ಹಾಸಿ ನಿಂತು ಬೆವರು ಒರೆಸಿಕೊಂಡು ಕೇಳಿದರು:

"ಮಾಷೇ, ನೀರೆಲ್ಲಿ?"

"ಜೂನಿನಲ್ಲಿ ಬನ್ನಿ."

"ರಿಪೋರ್ಟು ಈ ತಿಂಗಳು ಹೋಗಬೇಕು. ಫೋಟೋ ಏನಾದರೂ ಇದೆಯೇ?"

ಇರಲಿಲ್ಲ. ಐವತ್ತು ವರ್ಷ ಆ ನೀರಿನ ಬದಿಯಲ್ಲಿ ಬದುಕಿದವನ ಬಳಿ ಅದರ ಒಂದು ಫೋಟೋ ಇರಲಿಲ್ಲ. ದಾಖಲೆಯಲ್ಲಿ ಆ ಜಾಗ ತರಿಶು, ಪಾಳು ಭೂಮಿ. ಕನ್ನಡನಾಡಿನ ಕಂದಾಯದಲ್ಲಿ 'ತರಿ' ಎಂದರೆ ನೀರಿನ ಜಮೀನು, ಗಡಿಯ ಈಚೆ 'ತರಿಶು' ಎಂದರೆ ಯಾತಕ್ಕೂ ಬಾರದ್ದು. ಭಾಷೆಯ ಗಡಿಯಲ್ಲಿ ಇರುವವರಿಗೆ ಇಂಥ ತಮಾಷೆಗಳು ದಿನಾ ಸಿಗುತ್ತವೆ. ಕೋರೆಗೆ ಪರವಾನಗಿ ಸಿಕ್ಕಿತು. ಈಗ ಅಲ್ಲಿ ಮೂವತ್ತು ಅಡಿ ಆಳದ ಹೊಂಡವಿದೆ, ಬೇಸಗೆಯಲ್ಲೂ ಹಸಿರುಗಟ್ಟಿದ ನೀರು ನಿಂತಿರುತ್ತದೆ. ಅಧಿಕಾರಿ ಈಗ ಯಾವ ತಿಂಗಳು ಬಂದರೂ ನೀರು ತೋರಿಸಬಹುದು.

ಇದು ನಮ್ಮೂರಿನ ಸಮಸ್ಯೆ ಮಾತ್ರವೇನಲ್ಲ. 2002ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ನಡೆದ ರಾಮ್ಸಾರ್ ದೇಶಗಳ ಸಭೆ ತಾತ್ಕಾಲಿಕ ಕೊಳಗಳ ಬಗ್ಗೆಯೇ ಒಂದು ಗೊತ್ತುವಳಿ ಮಾಡಿತು. ಸಣ್ಣವು, ವರ್ಷದಲ್ಲಿ ಹಲವು ತಿಂಗಳು ಕಾಣದವು, ಆದ್ದರಿಂದ ಪಟ್ಟಿಗೆ ಸೇರದವು, ಇವನ್ನು ಗುರುತಿಸುವುದು ಹೇಗೆಂದು ಮಾರ್ಗದರ್ಶನ ಕೊಟ್ಟಿತು. 2022ರ ಸಭೆ ಸಣ್ಣ ಜೌಗು ನೆಲಗಳ ಕುರಿತು ಇನ್ನೊಂದು ಗೊತ್ತುವಳಿ ಅಂಗೀಕರಿಸಿತು. ಮೆಡಿಟರೇನಿಯನ್ ಸೀಮೆಯವರಿಗೂ ನಮ್ಮ ಹಾಗೆಯೇ ಮಳೆಗಾಲಕ್ಕೆ ಹುಟ್ಟಿ ಬೇಸಗೆಗೆ ಸಾಯುವ ಕೊಳಗಳಿವೆ. ಅವರು ಸಭೆಯಲ್ಲಿ ಎದ್ದು ನಿಂತು ಹೇಳಿದರು. ನಾವು ಹೇಳಲಿಲ್ಲ, ಅಷ್ಟೇ ವ್ಯತ್ಯಾಸ.

ಬಯಲಿನ ಕಥೆ ಇನ್ನೂ ವಿಚಿತ್ರ. 2008ರಲ್ಲಿ ದಕ್ಷಿಣ ಕೊರಿಯಾದ ಚಾಂಗ್ವನ್ ನಗರದಲ್ಲಿ ಸೇರಿದ ಸಭೆ ಭತ್ತದ ಗದ್ದೆಯೂ ಒಂದು ಜೌಗು ವ್ಯವಸ್ಥೆ, ಅದರ ಜೀವವೈವಿಧ್ಯವನ್ನು ಹೆಚ್ಚಿಸಬೇಕು ಎಂದು ಗೊತ್ತುವಳಿ ಮಾಡಿತು. ಅದೇ ವರ್ಷ, ಅದಕ್ಕೂ ಕೆಲವು ತಿಂಗಳು ಮೊದಲೇ, ಕೇರಳ ಸರಕಾರ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯಿದೆ ತಂದಿತ್ತು. ಇಂಥ ವಿಷಯದಲ್ಲಿ ಜಗತ್ತಿಗಿಂತ ಒಂದು ಹೆಜ್ಜೆ ಮುಂದೆ ಇದ್ದೆವು ಎಂದು ಹೆಮ್ಮೆಪಡಬಹುದು. ಆದರೆ 2017ರಲ್ಲಿ ಕೇಂದ್ರದ ಹೊಸ ನಿಯಮಗಳು ಬಂದವು. ಅದರಲ್ಲಿ ರಾಮ್ಸಾರ್ ವ್ಯಾಖ್ಯೆಯನ್ನು ಅಕ್ಷರಶಃ ಎತ್ತಿಕೊಂಡು, ಕೊನೆಗೆ ಒಂದು ಬಾಲ ಅಂಟಿಸಿದರು: ನದಿಯ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೆ ಅಥವಾ ನೀರಾವರಿಗೆಂದು ಕಟ್ಟಿದ ಕೆರೆ, ಇವು ಲೆಕ್ಕಕ್ಕಿಲ್ಲ. ಅಂದರೆ ನಮ್ಮ ಬಯಲು ಹೊರಗೆ, ತೋಟಕ್ಕೆಂದು ಕಟ್ಟಿದ ಮದಕ ಹೊರಗೆ. ತಮಾಷೆ ಏನೆಂದರೆ ಯಾರಿಗೂ ಬೇಡವಾದ ಪಳ್ಳ ಮಾತ್ರ ಒಳಗೇ ಉಳಿಯಿತು. ತಾನಾಗಿ ಆದದ್ದು, ತಾತ್ಕಾಲಿಕ. ಕಾನೂನಿನ ಪ್ರಕಾರ ಅದು ಜೌಗು ಭೂಮಿಯೇ. ಈ ಮಾತು ಆ ಏಪ್ರಿಲಿನಲ್ಲಿ ನನಗೆ ಗೊತ್ತಿದ್ದರೆ!

ಗದ್ದೆಯ ವಿಷಯದಲ್ಲಿ ನಾನು ದೊಡ್ಡ ಬಾಯಿ ಮಾಡುವಂತಿಲ್ಲ. 1980ರ ದಶಕದಲ್ಲಿ ನಮ್ಮ ಎರಡು ಗದ್ದೆಗೆ ಮಣ್ಣು ಹಾಕಿಸಿ ಅಡಿಕೆ ಸಸಿ ಇಟ್ಟದ್ದು ನಾನು ಮತ್ತು ನನ್ನ ತಂದೆ. ಭತ್ತ ಕೂಲಿಗೂ ಸಾಲುತ್ತಿರಲಿಲ್ಲ, ಅಡಿಕೆಯಲ್ಲಿ ತಂಗಿಯ ಮದುವೆ ಆಯಿತು. ಇಲ್ಲಿ ಕುಳಿತವರಲ್ಲಿ ಅರ್ಧದಷ್ಟು ಜನ ಇದನ್ನೇ ಮಾಡಿದ್ದೀರಿ, ತಲೆ ತಗ್ಗಿಸಬೇಡಿ. 1970ರ ದಶಕದ ನಡುವಿನಲ್ಲಿ ಕೇರಳದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರು ಗದ್ದೆಯಿತ್ತು, ಈಗ 2 ಲಕ್ಷದ ಆಸುಪಾಸಿನಲ್ಲಿದೆ. ಅಷ್ಟನ್ನೂ ದುಷ್ಟರು ಬಂದು ತುಂಬಿಸಲಿಲ್ಲ. ದಾಖಲೆಯಲ್ಲಿ 'ನಿಲಂ', ಅಂದರೆ ಗದ್ದೆ, ಎಂದಿರುವ ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಲು ಪರವಾನಗಿ ಸಿಗದೆ ವರ್ಷಗಟ್ಟಲೆ ಕಚೇರಿ ಅಲೆದ ಬಡವರನ್ನು ನಾನು ಬಲ್ಲೆ. ಅವರ ಸಿಟ್ಟು ನ್ಯಾಯವಾದದ್ದು. ಅದೇ ಹೊತ್ತಿಗೆ ಗುಡ್ಡ ಕಡಿದು ಲಾರಿಗಟ್ಟಲೆ ಮಣ್ಣು ಬಯಲಿಗೆ ಸುರಿಯುವ ಕೆಲಸಕ್ಕೆ ಅಡ್ಡಿ ಕಡಿಮೆ ಎಂಬುದನ್ನೂ ಕಣ್ಣಾರೆ ಕಂಡಿದ್ದೇನೆ. ಒಂದೇ ಏಟಿಗೆ ಎರಡು ನೀರು ಹೋಗುತ್ತವೆ, ಮೇಲಿನ ಪಳ್ಳ ಮತ್ತು ಕೆಳಗಿನ ಬಯಲು.

ಇಷ್ಟು ದೊಡ್ಡ ಒಪ್ಪಂದದ ಕೈಯಲ್ಲಿ ಬೆತ್ತ ಇಲ್ಲವೇ ಎಂದು ಕೇಳುತ್ತೀರಿ. ಇಲ್ಲ. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ, ನ್ಯಾಯಾಲಯವಿಲ್ಲ. ಅದರ ಕಚೇರಿ ಸ್ವಿಟ್ಜರ್‌ಲೆಂಡಿನ ಗ್ಲಾಂಡ್ ಎಂಬ ಪುಟ್ಟ ಊರಿನಲ್ಲಿದೆ. ತಾಣವೊಂದನ್ನು ಪಟ್ಟಿಯಿಂದ ತೆಗೆಯಬೇಕಾದರೆ 'ತುರ್ತು ರಾಷ್ಟ್ರೀಯ ಹಿತ' ಎಂದು ಕಾರಣ ಕೊಡಬಹುದು, ಬದಲಿಗೆ ಸಾಧ್ಯವಾದಷ್ಟು ಬೇರೆ ಜಾಗ ಕಾಯ್ದಿಡಬೇಕು ಎಂದಷ್ಟೇ ಇದೆ. ಇರುವ ಒಂದೇ ಅಸ್ತ್ರ ನಾಚಿಕೆ. 1990ರಲ್ಲಿ ಶುರುಮಾಡಿದ ಮೊಂಟ್ರೋ ದಾಖಲೆ ಎಂಬ ಪಟ್ಟಿಯಿದೆ, ಕೆಡುತ್ತಿರುವ ತಾಣಗಳ ಹೆಸರು ಅದರಲ್ಲಿ ಬರೆಯುತ್ತಾರೆ. ತರಗತಿಯಲ್ಲಿ ಕರಿಹಲಗೆಯ ಮೂಲೆಯಲ್ಲಿ ಗಲಾಟೆ ಮಾಡಿದವರ ಹೆಸರು ಬರೆಯುವ ಹಾಗೆ.

ಆ ಹಲಗೆಯಿಂದ ಹೆಸರು ಅಳಿಸಿಕೊಂಡ ಒಂದು ತಾಣ ನಮ್ಮದೇ ಚಿಲಿಕಾ. ನದಿಗಳು ತಂದ ಹೂಳು ತುಂಬಿ ಸಮುದ್ರದ ಬಾಯಿ ಕಟ್ಟಿಹೋಗಿತ್ತು. ಉಪ್ಪು ಕಡಿಮೆಯಾಗಿ ಕಳೆ ಹಬ್ಬಿತು, ಮೀನು ಸಿಗುವುದು ಕಡಿಮೆಯಾಯಿತು. 1993ರಲ್ಲಿ ಮೊಂಟ್ರೋ ದಾಖಲೆಗೆ ಹೆಸರು ಹೋಯಿತು. 2000ದ ಸೆಪ್ಟೆಂಬರಿನಲ್ಲಿ ಮರಳದಿಬ್ಬ ಕಡಿದು ಹೊಸ ಬಾಯಿ ತೆರೆದರು. ಉಪ್ಪುನೀರು ಒಳಗೆ ಬಂತು, ಕಳೆ ಹಿಂಜರಿಯಿತು, ಕೆಲವೇ ವರ್ಷಗಳಲ್ಲಿ ಮೀನಿನ ಇಳುವರಿ ಹಲವು ಪಟ್ಟು ಏರಿತು. 2002ರಲ್ಲಿ ಹೆಸರು ಅಳಿಸಿದರು, ಪ್ರಶಸ್ತಿಯನ್ನೂ ಕೊಟ್ಟರು. ಇದನ್ನು ಓದಿದಾಗ ನನಗೆ ಕಣ್ಣೆದುರು ಬಂದದ್ದು ನಮ್ಮ ಮೊಗವೀರರು. ಮಳೆಗಾಲದಲ್ಲಿ ಅಳಿವೆ ಕಟ್ಟಿ ಬಯಲಿಗೆ ನೆರೆ ನುಗ್ಗಿದಾಗ ಹಾರೆ ಹಿಡಿದು ಮರಳು ಕಡಿದು ಹೊಳೆಗೆ ದಾರಿ ಮಾಡುವ ಕೆಲಸ ಅವರಿಗೆ ಹೊಸದೇ? ಚಿಲಿಕಾದಲ್ಲಿ ಅದನ್ನೇ ಲೆಕ್ಕ ಹಾಕಿ, ಯಂತ್ರ ತಂದು, ದೊಡ್ಡದಾಗಿ ಮಾಡಿದರು.

ಅಳಿಸಿಕೊಳ್ಳದವರೂ ಇದ್ದಾರೆ. ಕೇವಲಾದೇವ್ ಇಂದಿಗೂ ಆ ದಾಖಲೆಯಲ್ಲಿದೆ, ಮಣಿಪುರದ ಲೋಕ್ತಾಕ್ ಕೂಡ. ಜೋರ್ಡಾನಿನ ಅಜ್ರಾಕ್ ಎಂಬ ಮರುಭೂಮಿಯ ಓಯಸಿಸ್ 1977ರಲ್ಲಿ ಪಟ್ಟಿಗೆ ಸೇರಿತ್ತು. ರಾಜಧಾನಿ ಅಮ್ಮಾನ್‌ಗೆ ಕುಡಿಯಲು, ಸುತ್ತಣ ಹೊಲಗಳಿಗೆ ಹಾಯಿಸಲು ನೆಲದೊಳಗಿನ ನೀರನ್ನು ಎತ್ತಿದರು, ಎತ್ತಿದರು. 1992ರಲ್ಲಿ ಅದರ ಚಿಲುಮೆಗಳು ಬತ್ತಿದವು. ಆಮೇಲೆ ನೀರು ಮರಳಿ ಬಿಟ್ಟು ಹಳೆಯ ವಿಸ್ತಾರದ ಹತ್ತರಲ್ಲೊಂದು ಪಾಲನ್ನಾದರೂ ಉಳಿಸುವ ಗುರಿ ಇಟ್ಟುಕೊಂಡಿದ್ದಾರೆ. ಪಟ್ಟಿಯಲ್ಲಿದ್ದದ್ದು ಅಜ್ರಾಕನ್ನು ಕಾಯಲಿಲ್ಲ. ಇದಕ್ಕೇ ಕಾಸರಗೋಡಿಗೆ ರಾಮ್ಸಾರ್ ಫಲಕ ಇಲ್ಲವೆಂದು ನನಗೆ ಬೇಸರವಾಗಿಲ್ಲ ಎಂದದ್ದು. ಮನೆಗೊಂದು ಕೊಳವೆ ಬಾವಿ ಕೊರೆಸುವ ನಮಗೆ ಅಜ್ರಾಕ್ ತೀರ ದೂರದ ಊರೇನಲ್ಲ.

ಹಾಗೆಂದು ಜಿನೀವಾದ ಮಾತುಗಳೆಲ್ಲ ಗಾಳಿಮಾತು ಎಂದು ಕಾಸರಗೋಡಿನವರು ಹೇಳಬಾರದು. ನಮ್ಮ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಲ್ಲಿ ಸುರಿದ ಎಂಡೋಸಲ್ಫಾನ್ ಕೀಟನಾಶಕ ತೋಡಿಗೆ, ಸುರಂಗಕ್ಕೆ, ಎದೆಹಾಲಿಗೆ ಇಳಿದದ್ದನ್ನು ಎಣ್ಮಕಜೆ ಪಂಚಾಯತಿನವರಿಗೆ ನಾನು ವಿವರಿಸಬೇಕಿಲ್ಲ. 2011ರಲ್ಲಿ ಅದನ್ನು ಬೇಗ ಕರಗದ ವಿಷಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿಸಿದ್ದು ಜಿನೀವಾದ ಸಭೆಯಲ್ಲಿ. ಅಲ್ಲಿ ನಮ್ಮ ಹಳ್ಳಿಗಳ ಕಥೆ ತಲುಪಿತ್ತು. ತಲುಪಿಸಿದವರು ವೈದ್ಯರು, ಪತ್ರಕರ್ತರು, ತಾಯಂದಿರು. ಹೆಸರು, ದಿನಾಂಕ, ಫೋಟೋ ಸಮೇತ ಬರೆದಿಟ್ಟ ಕಾಗದಗಳಿಂದ.

ಕೊನೆಯಲ್ಲಿ ಪ್ರಶ್ನೆಗಳಿದ್ದವು. ಒಬ್ಬ ಹುಡುಗ, ಹನ್ನೊಂದನೆಯ ತರಗತಿಯವನಿರಬೇಕು, ಕೇಳಿದ: ಉಳಿದ ಪಳ್ಳಗಳನ್ನು ರಾಮ್ಸಾರ್ ಪಟ್ಟಿಗೆ ಹಾಕಬಹುದೇ? ಒಂಬತ್ತು ಮಾನದಂಡಗಳಿವೆ, ಒಂದಕ್ಕೆ ಹೊಂದಿದರೂ ಸಾಕು. 20,000 ನೀರುಹಕ್ಕಿಗಳು ನಮ್ಮಲ್ಲಿ ಸಿಗಲಾರವು, ಅಪರೂಪದ ನೈಸರ್ಗಿಕ ಮಾದರಿ ಎಂಬ ಮೊದಲನೆಯದಕ್ಕೆ ವಾದಿಸಬಹುದು, ಆದರೆ ಹೆಸರಿಸುವುದು ಕೇಂದ್ರ ಸರಕಾರ, ಎಂದೆ. ಅದಕ್ಕಿಂತ ಹತ್ತಿರದ ಬಾಗಿಲು ಪಂಚಾಯತಿನಲ್ಲೇ ಇದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯತಿನಲ್ಲೂ ಒಂದು ಸಮಿತಿ ಇರಬೇಕು, ಜನರ ಜೀವವೈವಿಧ್ಯ ದಾಖಲೆ ಎಂಬ ಪುಸ್ತಕ ಇರಬೇಕು. ಅದರಲ್ಲಿ ಪಳ್ಳ ಇದೆಯೇ ಎಂದು ಹೋಗಿ ನೋಡು. ಇಲ್ಲದಿದ್ದರೆ ಬರೆಸು. ನಮ್ಮ ಜಿಲ್ಲೆ 2023ರಲ್ಲಿ ತನ್ನದೇ ಪ್ರಾಣಿ, ಪಕ್ಷಿ, ಹೂವು, ಮರ ಘೋಷಿಸಿತಲ್ಲ, ಅದರಲ್ಲಿ ಪ್ರಾಣಿ ಚಂದ್ರಗಿರಿ ಹೊಳೆಯ ದೈತ್ಯ ಮೆದುಚಿಪ್ಪಿನ ಆಮೆ, ಹೂವು ತೋಡಿನ ನೀರಲ್ಲೇ ಬೆಳೆಯುವ ಪೆರಿಯದ ಪೋಳತ್ತಾಳಿ. ಎರಡೂ ನೀರಿನವು. ಅವಕ್ಕೆ ಜಾಗ ಸಿಕ್ಕಿದ ಮೇಲೆ ಪಳ್ಳಕ್ಕೆ ಯಾಕಿಲ್ಲ?

ಆಗ ಗೋಡೆಗೆ ಒರಗಿ ಕುಳಿತಿದ್ದ ಒಬ್ಬ ವೃದ್ಧೆ, ಬೀಡಿ ಕಟ್ಟಿ ಬೆರಳು ಹಳದಿಯಾಗಿದ್ದವರು, ಎದ್ದು ನಿಂತು ತುಳುವಿನಲ್ಲಿ ತಮಗೆ ಗೊತ್ತಿದ್ದ ಪಳ್ಳಗಳ ಹೆಸರು ಹೇಳತೊಡಗಿದರು. ದನಗಳದ್ದೊಂದು, ಭೂತದ ಕಟ್ಟೆಯ ಬಳಿಯದ್ದೊಂದು, ಆಮೆ ಸಿಗುತ್ತಿದ್ದದ್ದೊಂದು. ಹುಡುಗ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡ. ಒಟ್ಟು ಏಳಾಯಿತು. "ಏಳರಲ್ಲಿ ಎಷ್ಟು ಉಳಿದಿವೆ, ಅಕ್ಕ?" ಎಂದು ಕೇಳಿದೆ. "ಮೂರು ನೋಡಿದ್ದೇನೆ. ಉಳಿದವುಗಳ ಕಡೆ ನನಗೆ ಈಗ ನಡೆಯಲು ಆಗುವುದಿಲ್ಲ," ಎಂದರು.

ಹೀಗಾಗಿ ಜುಲೈ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಈ ವಾಚನಾಲಯದ ಜಗಲಿಯಿಂದ ಹೊರಡುವುದು ಎಂದು ನಿಶ್ಚಯವಾಯಿತು. ಮೊಬೈಲಿನಲ್ಲಿ ದಿನಾಂಕ ಮತ್ತು ಸ್ಥಳ ಮೂಡುವಂತೆ ಫೋಟೋ ತೆಗೆಯುವುದು ಹುಡುಗನ ಕೆಲಸ. ಕೊಡೆ ತನ್ನಿ. ಮುರಕಲ್ಲು ಪಾಚಿಗಟ್ಟಿ ಜಾರುತ್ತದೆ, ಹವಾಯಿ ಚಪ್ಪಲಿ ಹಾಕಿಕೊಂಡು ಬರಬೇಡಿ.